ಕೆಡವುವುದು: ಸೊನ್ನೆ

"ಭುವನಾ ಅಂದ್ರ ಯಾರ್ರೀ ಇಲ್ಲಿ?"

ಮೆಟ್ಟಿಲ ಬುಡದಿಂದಲೇ ಬಂತು ಆ ದನಿ. ಕೆಳಗೆ ಹತ್ತಿ ಬಿಡಿಸುವ ಜಿನ್ನಿಂಗ್ ಯಂತ್ರಗಳು ಗುಡುಗುತ್ತಿದ್ದವು. ಆ ಗುಡುಗನ್ನೂ ಮೀರಿಸಿದ ದನಿ!

ಮಹಡಿಯ ಕೋಣೆಯಲ್ಲಿ ಕೂತಿದ್ದ ಭುವನಾ ತಲೆ ಎತ್ತುವುದರೊಳಗೆ ಅವನು ಬಾಗಿಲಲ್ಲಿದ್ದ. ಕೂದಲ ತುಂಬ ಅರಳೆಯ ಎಳೆ. ಹಣೆಯ ಮೇಲೆ ಬೆವರು. ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ, ಜ್ವರ ಬಂದ ಕೂಸನ್ನು ಆಸ್ಪತ್ರೆಗೆ ತಂದ ತಂದೆಯ ಹಾಗೆ.

"ನಾನೇ. ನೀವು ಯಾರು?"

"ನೀವಾ?" ಅವನ ಕಣ್ಣು ಅಗಲವಾಯಿತು. "ಹಂದರ ಬರದವ್ರು ನೀವಾ?"

"ಹೌದ್ರಿ. ಏನಾತು?"

"ಏನಾತಾ? ನಿಮ್ಮ ಹಂದರ ನಮ್ಮ ಮಾರ್ಕೆಟ್ ಯಾರ್ಡಿನ ಗೇಟ್ ಕೆಡವಿ ಕುಂತೈತಿ! ಹತ್ತಿ ತುಂಬಿದ ಟ್ರ್ಯಾಕ್ಟರ್ ಆಲೂರು ರಸ್ತಿ ತನಕಾ ನಿಂತಾವ. ಒಂದೂ ಒಳಗ ಹೋಗವಲ್ದು. ಈಗ ಏನ್ ಮಾಡ್ಲಿ, ನೀವ ಹೇಳ್ರಿ!"

ಭುವನಾ ಎದ್ದು ಕುರ್ಚಿ ಎಳೆದಳು.

ಹಂದರ... ಅವಳೇ ಬರೆದು, ಅವಳೇ ಸಾಕುತ್ತಿದ್ದ ಟೂಲ್. ಕೆಲಸವೂ ಹೆಸರಿಗೆ ತಕ್ಕ ಹಾಗೆಯೇ. ಎಷ್ಟು ಕಂಬ, ಎಷ್ಟು ಅಗಲ, ಬಾಗಿಲು ಯಾವ ಕಡೆ ಎಂದು ಒಂದು ಫೈಲಿನಲ್ಲಿ ಬರೆದುಕೊಟ್ಟರೆ ಸಾಕು, ಎಲ್ಲೋ ದೂರದಲ್ಲಿರುವ ಕ್ಲೌಡ್ ಕಂಪನಿಯ ಯಂತ್ರಗಳ ಮೇಲೆ ಅದು ತಾನೇ ಸರ್ವರ್ ಎಬ್ಬಿಸುತ್ತದೆ, ಡೇಟಾಬೇಸ್ ಕೂರಿಸುತ್ತದೆ. ಫೈಲಿನಲ್ಲಿ ಒಂದು ಕಂಬ ಹೆಚ್ಚಿಸಿದರೆ ಅದಷ್ಟನ್ನೇ ನೆಡುತ್ತದೆ. ಒಂದನ್ನು ಅಳಿಸಿದರೆ ಅದಷ್ಟನ್ನೇ ಕೀಳುತ್ತದೆ. ಯಾರು ಬೇಕಾದರೂ ಬಳಸಬಹುದು. ಅವಳು ಮುಖ ಕಾಣದ ಊರುಗಳ ಇಂಜಿನಿಯರುಗಳೂ ಬಳಸುತ್ತಿದ್ದರು. ಪ್ರತಿ ಹೊಸ ಆವೃತ್ತಿಯ ಕೆಳಗೆ ಅವಳ ಸಹಿ ಇರುತ್ತಿತ್ತು: ಭುವನಾ ಮರಿಬಸಪ್ಪ, ಆದವಾನಿ.

"ಕುಂದರ್ರಿ," ಎಂದಳು. "ಹಂದರ ಸುಮ್ಮಸುಮ್ಮನ ಏನೂ ಕೆಡವಂಗಿಲ್ಲ. ಕಟ್ಟೋದೆಷ್ಟು, ಬದ್ಲಿಸೋದೆಷ್ಟು, ಕೆಡವೋದೆಷ್ಟು ಅಂತ ಮೊದ್ಲು ಪ್ಲಾನ್ ತೋರಿಸ್ತೈತಿ. ಮಾಡ್ಲಾ ಅಂತ ಕೇಳ್ತೈತಿ. ನೀವು 'ಹೌದು' ಅಂದ ಮ್ಯಾಲೆನ ಕೈ ಹಚ್ಚತೈತಿ. ಪ್ಲಾನ್ ಓದಿದ್ರಾ?"

ಅವನು ಅಂಗಿಯ ತೋಳಿನಿಂದ ಪರದೆ ಒರೆಸತೊಡಗಿದ.

"ಓದಿದ್ರಾ ಇಲ್ಲಾ?"

"ಉದ್ದಕ ಇತ್ತ್ರಿ... ದಿನಾ ಸರೀನ ಇರ್ತೈತಿ ಅಂತ..."

"ಓದದ ಹೌದು ಅಂದ್ರಿ."

ಅವನ ಕಿವಿ ಕೆಂಪಾಯಿತು. ಭುವನಾ ಅವನ ಲ್ಯಾಪ್‌ಟಾಪನ್ನು ಎಳೆದುಕೊಂಡು ಬೆಳಗಿನ ಪ್ಲಾನನ್ನು ಕೆಳಕ್ಕೆ ಸರಿಸುತ್ತ ಹೋದಳು. ಕಟ್ಟಕಡೆಯಲ್ಲಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ಇತ್ತು ಆ ಸಾಲು.

*ಕೆಡವುವುದು: ಒಂದು.*

ವಿಷಯ ಇಷ್ಟೇ. ಅವನ ಹೆಸರು ವಾಗೀಶ್. ಆಸ್ಪರಿಯವನು. ಹತ್ತಿ ವ್ಯಾಪಾರಿಗಳ ಸಂಘದ ಟೋಕನ್ ಸೇವೆ ನೋಡಿಕೊಳ್ಳುವುದು ಅವನ ಕೆಲಸ. ರೈತರು ಮನೆಯಿಂದಲೇ ಫೋನಿನಲ್ಲಿ ಟೋಕನ್ ತೆಗೆದುಕೊಂಡು, ತಮ್ಮ ಸರದಿಗೆ ಸರಿಯಾಗಿ ಗಾಡಿ ತಂದರಾಯಿತು. ಯಾರ್ಡಿಗೆ ಇನ್ನೊಂದು ಗೇಟ್ ಬರುವುದಿತ್ತು. ಅದಕ್ಕೆಂದು ವಾಗೀಶ್ ಹಳೆಯ ಡೇಟಾಬೇಸಿನ ಹೆಸರನ್ನು 'ಗೇಟ್' ಇದ್ದದ್ದು 'ಉತ್ತರ ಗೇಟ್' ಎಂದು ತಿದ್ದಿದ್ದ. ಅಷ್ಟೇ ತಿದ್ದಿದ್ದು! ಹಂದರ ನೋಡಿತು: ಫೈಲಿನಲ್ಲಿ ಗೇಟ್ ಇಲ್ಲ, ಕೆಡವು, ಉತ್ತರ ಗೇಟ್ ಹೊಸದು, ಕಟ್ಟು. ಸಾವಿರಾರು ಟೋಕನ್ ಇದ್ದದ್ದನ್ನು ಕೆಡವಿ, ಪಕ್ಕದಲ್ಲಿ ಚೊಕ್ಕಟವಾಗಿ ಖಾಲಿಯದೊಂದನ್ನು ಕಟ್ಟಿ ನಿಲ್ಲಿಸಿತ್ತು.

"ಬ್ಯಾಕಪ್?"

"ಮುಂಜಾನೆದ್ದು ಐತ್ರಿ."

"ಬದುಕಿದ್ರಿ. ಕೊಡ್ರಿ ಇಲ್ಲಿ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಗೇಟ್ ಕಾಯುವ ಲಾಲಪ್ಪ.

"ಸಾರ್, ಬೇಗ ಏನರ ಮಾಡ್ರಿ! ಚಿಪ್ಪಗಿರಿ ಗೋವಿಂದಪ್ಪ ಅಂತ, ನನ್ನ ಅಂಗಿ ಹಿಡದಾನ!"

ಹಿಂದಿನಿಂದ ತೆಲುಗಿನಲ್ಲಿ ಗದರಿಕೆ ಕೇಳಿಸಿತು. "ಪೊದ್ದುನ್ನುಂಚಿ ನಿಲಬಡ್ಡಾಮು! ಟೋಕನೇ ಲೇದಂಟೇ ಎಟ್ಲಾ?"

ಬೆಳಗಿನಿಂದ ನಿಂತವನ ಸಿಟ್ಟು. ಭುವನಾ ವಾಗೀಶನ ಕೈಯಿಂದ ಫೋನು ಕಿತ್ತುಕೊಂಡಳು.

"ಪೆದ್ದನಾಯನಾ, ಒಕ್ಕ ಗಂಟ ಆಗು. ನೀ ವಂತು ಎಕ್ಕಡಿಕೀ ಪೋದು." ಒಂದು ಗಂಟೆ ತಡಿ, ನಿನ್ನ ಸರದಿ ಎಲ್ಲಿಗೂ ಹೋಗುವುದಿಲ್ಲ ಎಂದಳು ಅವಳೂ ತೆಲುಗಿನಲ್ಲೇ.

"ನುವ್ವೆವರಮ್ಮಾ?"

"ಮರಿಬಸಪ್ಪ ಕೂತುರ್ನಿ."

ಆ ಕಡೆ ಲಾಲಪ್ಪನ ಅಂಗಿ ಬಿಟ್ಟಿರಬೇಕು. ಆಮೇಲೆ ದನಿ ಇಳಿಯಿತು. "ಅಟ್ಲಾ ಚೆಪ್ಪು ತಲ್ಲೀ! ಒಕ್ಕ ಗಂಟೇನಾ? ಸರೇ."

ಕೆಳಗಿನ ಜಿನ್ನಿನ ಒಡೆಯ ಮರಿಬಸಪ್ಪನ ಮಗಳೆಂದರೆ ಒಂದು ಗಂಟೆಯ ನಂಬಿಕೆ! ಆ ಒಂದು ಗಂಟೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫೈಲಿನಲ್ಲಿ ಹಳೆಯ 'ಗೇಟ್' ಹೆಸರನ್ನೇ ಮರಳಿ ಬರೆದು, ಅದರೊಳಗೆ ಬ್ಯಾಕಪ್ ತುಂಬಿಸುವ ಕೆಲಸ. ಅವಳು ಹೇಳಿದಳು, ಅವನು ಒತ್ತಿದ. ಒಮ್ಮೆ ಅವನ ಬೆರಳು ಅವಸರಪಟ್ಟಿತು.

"ತಡೀರಿ! ಓದ್ರಿ ಮೊದ್ಲು. ಬಾಯಿಬಿಟ್ಟು ಓದ್ರಿ, ಸಾಲೀ ಹುಡುಗ್ರ ಹಂಗ."

ಅವನು ಹಲ್ಲು ಕಚ್ಚಿಕೊಂಡು ಓದಿದ. "ಕಟ್ಟುವುದು: ಒಂದು. ಬದಲಿಸುವುದು: ಒಂದು. ಕೆಡವುವುದು: ಸೊನ್ನೆ."

"ಈಗ ಹೌದು ಅನ್ರಿ."

ಲಾಲಪ್ಪನ ಫೋನು ಮತ್ತೆ ಬಂದಾಗ ಹಿಂದೆ ಟ್ರ್ಯಾಕ್ಟರ್‌ಗಳ ಸದ್ದು. ಸಾಲು ಒಳಗೆ ಸರಿಯುತ್ತಿತ್ತು. ರಚ್ಚೆ ಹಿಡಿದ ಮಗು ಮಲಗಿದ ಮೇಲೆ ಮನೆ ಉಸಿರು ಬಿಡುತ್ತದಲ್ಲ, ಹಾಗಾಯಿತು ಕೋಣೆ.

ಹೋಗುವ ಮುಂಚೆ ವಾಗೀಶ್ ಬಾಗಿಲಲ್ಲಿ ನಿಂತ.

"ತಪ್ಪು ನಂದ ರಿ. ಆದ್ರ ಒಂದು ಮಾತು. ಆರು ತಿಂಗಳ ಹಿಂದ ನಿಮಗ ಒಂದು ತಿದ್ದುಪಡಿ ಕಳಿಸಿದ್ದೆ. 'ಹಿಂದಿನ ಹೆಸರು' ಅಂತ ಒಂದು ಸಾಲು ಬರಿಯಾಕ ಜಾಗ ಇದ್ರ, ಇದು ಅದ ಐತಿ, ಕೆಡವಬ್ಯಾಡ ಅಂತ ಹಂದರಕ್ಕ ತಿಳೀತಿತ್ತು. ನೀವು ಒಂದ ಸಾಲಿನಾಗ ವಾಪಸ್ ಕಳಿಸಿದ್ರಿ."

ಭುವನಾ ಬೆಚ್ಚಿದಳು. ನೆನಪಿತ್ತು. 'ಹೆಸರೇ ಗುರುತು. ಬೇಡ.' ಎಂದು ಬರೆದಿದ್ದಳು.

"ಆ ವಿ. ಆಸ್ಪರಿ... ನೀವಾ?"

"ಇಲ್ಲೇ ಸ್ಟೇಷನ್ ರಸ್ತ್ಯಾಗ ಕುಂತು ಬರದಿದ್ದೆ ರಿ. ನಿಮ್ಮ ಸಹಿ ಓದಿದ್ದು ಇವತ್ತ. ಅವತ್ತು ಯಾವುದೋ ದೇಶದಾಗ ಯಾರೋ ದೊಡ್ಡ ಸಾಹೇಬ್ರು ಬೈದಾರ ಅಂತ ಎರಡು ದಿನ ಊಟ ಸೇರಿರಲಿಲ್ಲ!"

ಭುವನಾಳಿಗೆ ನಗು ಬಂತು. ತಡೆದುಕೊಂಡಳು. ತಡೆಯಲಾಗಲಿಲ್ಲ.

*

ಆ ತಿದ್ದುಪಡಿಯನ್ನು ಅವಳು ಮತ್ತೆ ತೆರೆದಳು. ಒಪ್ಪಿದಳೆಂದಲ್ಲ, ನೋಡೋಣವೆಂದು.

ವಾಗೀಶ್ ಯಾರ್ಡಿನ ಹತ್ತಿ ಹರಾಜು ಮುಗಿಸಿಕೊಂಡು ದಿನಾ ಮಧ್ಯಾಹ್ನ ಮಹಡಿ ಹತ್ತತೊಡಗಿದ. ಅವಳ ಅವ್ವ ಅಕ್ಕನಾಗಮ್ಮ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ತಂದಿಟ್ಟು ಒಂದು ಮೂಲೆಯಲ್ಲಿ ಹೂ ಕಟ್ಟುತ್ತ ಕೂರುವಳು. ಇವರಿಬ್ಬರದು ಸಾಲು ಸಾಲಿಗೂ ಜಗಳ.

"ಇಬ್ರೂ ಒಂದ ಹಳೇ ಹೆಸರು ನಂದು ಅಂದ್ರ?"

"ಹಂದರ ನಿಲ್ಲಬೇಕ್ರಿ, ಮುಂದ ಹೋಗಬಾರ್ದು."

"ಹಳೇ ಹೆಸರು ಸುಳ್ಳು ಹೇಳಿದ್ರ?"

"ಅಯ್ಯ, ನಿಮಗ ಎಷ್ಟು ಸಂಶಯ ರೀ! ಪೊಲೀಸ್ ಆಗಬೇಕಿತ್ತು ನೀವು."

"ನೀವು ಕಳ್ಳ ಆಗಿದ್ರ ಒಳ್ಳೇದಿತ್ತು. ಓದದ ಸಹಿ ಮಾಡಿ ಸಿಕ್ಕೊಂತಿದ್ರಿ."

ಅಕ್ಕನಾಗಮ್ಮ ಹೂವಿನ ಮೇಲಿನ ಕಣ್ಣು ತೆಗೆಯದೆಯೇ ನಗುವಳು.

ದಿನ ಕಳೆದಂತೆ ಮೆಟ್ಟಿಲ ಸದ್ದಿಗೆ ಭುವನಾಳ ಕಿವಿ ತಾನಾಗಿ ನೆಟ್ಟಗಾಗತೊಡಗಿತು. ಯಂತ್ರಗಳ ಅಷ್ಟು ಗದ್ದಲದಲ್ಲೂ ಆ ಹೆಜ್ಜೆ ಮಾತ್ರ ಬೇರೆಯಾಗಿ ಕೇಳುತ್ತಿತ್ತಲ್ಲ... ಹೇಗೆ?

ಒಂದು ದಿನ ಅವನು ಪ್ಲಾನ್ ಓದುತ್ತ ಓದುತ್ತ ನಿಂತುಬಿಟ್ಟ. ಅವನ ಕಣ್ಣು ಪರದೆಯ ಮೇಲಿರಲಿಲ್ಲ.

"ಯಾಕ ನಿಂತ್ರಿ? ಓದ್ರಿ."

"ನಿಮ್ಮ ಕೂದಲಾಗ ಅರಳೆ ಕುಂತೈತಿ."

"ಆದವಾನ್ಯಾಗ ಯಾರ ಕೂದಲಾಗಿಲ್ಲ?"

"ಎಲ್ಲಾರ ಕೂದಲಾ ನಾ ನೋಡಂಗಿಲ್ಲ ರೀ."

ಅವಳ ಕೈ ಕೀಲಿಮಣೆಯ ಮೇಲೆಯೇ ನಿಂತಿತು. ಮುಖ ಬಿಸಿಯಾಯಿತು. ಅವ್ವ ಹೂವಿನ ಬುಟ್ಟಿ ಎತ್ತಿಕೊಂಡು "ದೀಪಕ್ಕ ಎಣ್ಣಿ ಹಾಕಬೇಕಿತ್ತು" ಎಂದು ಎದ್ದು ಹೋದಳು. ಆಗ ಹೊತ್ತು ನಡು ಮಧ್ಯಾಹ್ನ!

ಮುಂದಿನದು ತಾನಾಗಿ ನಡೆಯಿತು. ಎರಡೂ ಮನೆ ಶರಣರ ಮನೆತನ, ಎರಡೂ ಕಡೆ ಹತ್ತಿಯದೇ ಬದುಕು. ಮರಿಬಸಪ್ಪ ಮಗಳ ಮುಖ ನೋಡಿ ಆಸ್ಪರಿಗೆ ಹೇಳಿ ಕಳಿಸಿದರು. ವಾಗೀಶನ ಅವ್ವ ಶೋಭಾರಾಣಿ, "ನಾನ ಬರಬೇಕಂತಿದ್ದೆ" ಎಂದರಂತೆ.

ಭುವನಾಳಿಗೆ ಸಂತೋಷ. ಆದರೆ ಅವನ ತಿದ್ದುಪಡಿಗೆ ಮಾತ್ರ ಅವಳು ಇನ್ನೂ ಒಪ್ಪಿಗೆ ಒತ್ತಿರಲಿಲ್ಲ. ಯಾಕೋ ಕೈ ಹೋಗುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಯಾರಿಗೂ ಹೇಳಿರಲಿಲ್ಲ.

ಚಿಕ್ಕವಳಿದ್ದಾಗ ಅವ್ವನ ತವರಿಗೆ, ಚಿಪ್ಪಗಿರಿಯ ಕಡೆಯ ಹಳ್ಳಿಗೆ ಹೋಗಿದ್ದಳು. ಓಣಿಯಲ್ಲಿ ಯಾರೋ ಮುದುಕಿ ಹಿಂದಿನಿಂದ ಕೂಗಿದಳು: "ಶಿವಲೀಲಾ! ಏ ಶಿವಲೀಲಾ!" ಅವ್ವ ತಿರುಗಲೇ ಇಲ್ಲ. ಭುವನಾಳ ಕೈ ಹಿಡಿದು ನಡೆದೇಬಿಟ್ಟಳು. ಆಮೇಲೆ ಅಜ್ಜಿ ಹೇಳಿದ್ದಳು, ಅದು ಅವ್ವನ ಹುಟ್ಟಿದ ಹೆಸರೆಂದು. ಮದುವೆಯಲ್ಲಿ ಅದು ಹೋಗಿ ಅಕ್ಕನಾಗಮ್ಮ ಆಯಿತಂತೆ. ತನ್ನ ಹೆಸರು ತನಗೇ ಕೇಳಿಸದ ಹಾಗೆ ಆಗುತ್ತದೆಯೇ? ಆ ಶಿವಲೀಲಾ ಎಲ್ಲಿ ಹೋದಳು? ಕೆಡವಿಬಿಟ್ಟರೇ?

ಹೆಸರು ಹೋದರೆ ಆಳೂ ಹೋಗುತ್ತಾಳೆ. ಆ ಭಯವೇ ಹಂದರದ ಒಳಗೂ ನಿಯಮವಾಗಿ ಕೂತಿತ್ತು.

*

ಮಾತುಕತೆಯ ದಿನ. ಪಡಸಾಲೆಯಲ್ಲಿ ಜಮಖಾನ, ತಟ್ಟೆಯಲ್ಲಿ ಎಲೆ ಅಡಿಕೆ, ಹಣ್ಣು, ಹಸಿರು ರೇಷ್ಮೆ. ವಾಗೀಶ್ ಇನ್ನೂ ಬಂದಿರಲಿಲ್ಲ, ಯಾರ್ಡಿನಲ್ಲಿ ಕೆಲಸ.

ಶೋಭಾರಾಣಿ ಭುವನಾಳ ಗದ್ದ ಹಿಡಿದು ಮುದ್ದಿಸಿದರು. "ಬಂಗಾರದಂಥಾ ಹುಡುಗಿ. ನಮ್ಮ ಅನ್ನಪೂರ್ಣಾ!"

ಭುವನಾ ಸುತ್ತ ನೋಡಿದಳು. "ಅನ್ನಪೂರ್ಣಾ ಯಾರ್ರೀ ಅತ್ತಿ?"

"ನೀನ ಯವ್ವಾ! ನಮ್ಮ ಮನಿ ಪದ್ಧತಿ. ಸೊಸಿ ಹೊಸ್ತಿಲಾ ದಾಟಿದ ಕೂಡ್ಲೆ ಹೊಸಾ ಹೆಸರು. ಸ್ವಾಮಿಗಳನ್ನ ಕೇಳಿ ಬಂದೀವಿ. ಲಗ್ನದ ಕಾರ್ಡಿಗೂ ಹೇಳೇ ಬಿಟ್ಟೀವಿ."

ಯಂತ್ರಗಳೆಲ್ಲ ಒಮ್ಮೆಲೇ ನಿಂತಂತಾಯಿತು ಅವಳಿಗೆ. ಅಪ್ಪನ ಕಡೆ ನೋಡಿದಳು. ಮರಿಬಸಪ್ಪ ಎಲೆ ಅಡಿಕೆಯ ತಟ್ಟೆ ಸರಿಮಾಡುತ್ತಿದ್ದರು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಅವರಿಗೆ... ವಾಗೀಶ್ ಅವರಿಗೆ ಗೊತ್ತೈತಾ?"

"ಗೊತ್ತಿಲ್ಲದ ಏನು? ಫೋನಿನ್ಯಾಗ ಎಲ್ಲಾ ಹೇಳೀನಿ. ಹೆಸರು, ಮುಹೂರ್ತ, ಅಡಗಿಯವ್ರು, ಎಲ್ಲಾ. 'ಹೌದವ್ವಾ, ಹೌದು' ಅಂದ."

ಸರಿಯಾಗಿ ಆಗಲೇ ವಾಗೀಶ್ ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮುಖದ ತುಂಬ ನಗು. ಭುವನಾಳ ಕಣ್ಣು ನೋಡಿದ್ದೇ ನಗು ಅರ್ಧಕ್ಕೆ ನಿಂತಿತು.

"ನನ್ನ ಹೆಸರು ಅನ್ನಪೂರ್ಣಾ ಅಂತ. ನೀವು ಹೌದು ಅಂದಿದ್ರಂತ. ಖರೇನಾ?"

"ಏನು? ಯಾವಾಗ..." ಅವನು ತನ್ನ ಅವ್ವನ ಕಡೆ ನೋಡಿದ. ನೆನಪಾಯಿತು. ಮುಖದ ರಕ್ತ ಇಳಿಯಿತು. "ಅವತ್ತು ಗೇಟಿನ ಹತ್ರ ಗದ್ದಲ ಇತ್ತು... ಅವ್ವ ಏನೇನೋ ಉದ್ದಕ ಹೇಳಾಕತ್ತಿದ್ಲು... ನಾನು..."

"ಓದದ ಹೌದು ಅಂದ್ರಿ."

ಅದೇ ಮಾತು. ಅಂದು ಅದರಲ್ಲಿ ಸಿಟ್ಟಿತ್ತು. ಇಂದು ಅದೂ ಇರಲಿಲ್ಲ. ಅದೇ ಅವನನ್ನು ಹೆದರಿಸಿತು.

"ಭುವನಾ, ಒಂದು ನಿಮಿಷ..."

"ಅವತ್ತು ಕೆಟ್ಟದ್ದಕ್ಕ ಬ್ಯಾಕಪ್ ಇತ್ತು ರೀ. ನನಗಿಲ್ಲ." ಅವಳು ಹಸಿರು ರೇಷ್ಮೆಯ ತಟ್ಟೆಯನ್ನು ಮೆಲ್ಲಗೆ ಶೋಭಾರಾಣಿಯ ಮುಂದೆ ಸರಿಸಿದಳು. "ತಪ್ಪು ತಿಳೀಬ್ಯಾಡ್ರಿ ಅತ್ತಿ. ಈ ಪ್ಲಾನಿಗೆ ನಾನು ಅಲ್ಲ ಅಂತೀನಿ."

"ಏ! ಒಂದು ಹೆಸರಿಗೆ ಇಷ್ಟಾ?" ಶೋಭಾರಾಣಿಯ ದನಿ ಏರಿತು. "ನಾವೆಲ್ಲಾ ಬದ್ಲಿಸಿಕೊಂಡಿಲ್ಲೇನು? ಸತ್ತೀವೇನು?"

ಭುವನಾ ಮೆಟ್ಟಿಲು ಹತ್ತಿ ಹೋಗಿಬಿಟ್ಟಳು. ಹಿಂದೆ ಅಪ್ಪ ಕರೆದದ್ದು ಕೇಳಿಸಿತು. ತಿರುಗಲಿಲ್ಲ.

*

ಮರುದಿನ ವಾಗೀಶ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನಿಲ್ಲ, ಒಂದು ಅಕ್ಷರವಿಲ್ಲ.

ಜಗಳಕ್ಕಾದರೂ ಬರಬಾರದಿತ್ತೇ? ಬಂದು 'ನಿಮಗ ಎಷ್ಟು ಸಂಶಯ ರೀ' ಎನ್ನಬಾರದಿತ್ತೇ? ಮೆಟ್ಟಿಲ ಕಡೆ ಕಿವಿ ಹೋಗುತ್ತಿತ್ತು, ಅವಳು ಎಳೆದು ತರುತ್ತಿದ್ದಳು.

ಅಪ್ಪ ಮಾತು ಬಿಟ್ಟಿದ್ದರು. ಅವ್ವ ಮಾತ್ರ ಒಂದು ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತಳು.

"ನನ್ನ ಸಲುವಾಗಿ ಹಟಾ ಹಿಡದೀ ಏನು?"

"ಅವ್ವಾ... ನಿನ್ನ ತವರಿನ ಓಣ್ಯಾಗ ಆ ಅಜ್ಜಿ ಶಿವಲೀಲಾ ಅಂತ ಕೂಗಿದ್ಲು. ನೀ ತಿರುಗಲಿಲ್ಲ. ನಿನಗ ನಿನ್ನ ಹೆಸರ ಕೇಳಿಸಲಿಲ್ಲ. ಅವತ್ತಿಂದ ನನಗ ಹೆದರಿಕಿ."

ಅಕ್ಕನಾಗಮ್ಮ ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿದಳು.

"ಕೇಳಿಸಿತ್ತು," ಎಂದಳು.

"ಏನು?"

"ಕೇಳಿಸಿತ್ತು ಮಗಳ. ತಿರುಗಿದ್ರ ಓಣ್ಯಾಗ ಅತ್ತುಬಿಡ್ತಿದ್ದೆ. ಅದಕ್ಕ ತಿರುಗಲಿಲ್ಲ."

ಭುವನಾ ಅವ್ವನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಕೆಡವಿಹಾಕಿದ್ದಾರೆಂದು ತಿಳಿದಿದ್ದ ಶಿವಲೀಲಾ, ಅಗೋ, ಅಲ್ಲೇ ಇದ್ದಳು. ಅವ್ವನ ಕಣ್ಣೊಳಗೆ.

"ನನ್ನ ಯಾರೂ ಕೇಳಲಿಲ್ಲ. ಅದಷ್ಟ ನೋವು," ಅವ್ವ ಮೂಗು ಒರೆಸಿಕೊಂಡಳು. "ನಿನ್ನ ಮಷೀನಾದ್ರೂ ಕೇಳ್ತೈತಲ್ಲ... ಮಾಡ್ಲಾ ಬ್ಯಾಡಾ ಅಂತ."

ಅವ್ವ ಕೆಳಗಿಳಿದು ಹೋದ ಮೇಲೆ ಭುವನಾ ವಾಗೀಶನ ತಿದ್ದುಪಡಿ ತೆರೆದಳು. ಹಿಂದಿನ ಹೆಸರು. ಅವನು ಕೇಳಿದ್ದು ಸರಿಯಿತ್ತು. ಹಳೆಯದನ್ನು ನೆನಪಿಟ್ಟುಕೊಳ್ಳಲು ಒಂದು ಸಾಲಿನ ಜಾಗ... ಇರಬೇಕಿತ್ತು. ಅದಕ್ಕೆ ತನ್ನದೊಂದು ನಿಯಮ ಸೇರಿಸಿದಳು: ಹೆಸರು ಬದಲಿಸುವಾಗ ಹಂದರ ಬೇರೆಯಾಗಿ, ಒಂಟಿಯಾಗಿ, ಇನ್ನೊಮ್ಮೆ ಕೇಳಬೇಕು. ಉದ್ದದ ಪಟ್ಟಿಯಲ್ಲಿ ಅದು ಮುಚ್ಚಿಹೋಗಬಾರದು.

ನಾಲ್ಕು ಬಾರಿ ಪರೀಕ್ಷಿಸಿ ಒಪ್ಪಿಗೆ ಒತ್ತಿದಳು. ಹಂದರದ ಹೊಸ ಆವೃತ್ತಿ ಹೊರಬಿತ್ತು. ಕೆಳಗೆ ಸಹಿ ಹಾಕುವಾಗ ಈ ಬಾರಿ ಎರಡು ಹೆಸರು ಬರೆದಳು. ತಿದ್ದುಪಡಿ: ವಾಗೀಶ್, ಆಸ್ಪರಿ. ಒಪ್ಪಿಗೆ: ಭುವನಾ ಮರಿಬಸಪ್ಪ, ಆದವಾನಿ.

ಮದುವೆ ಮುರಿದರೂ ಕೆಲಸಕ್ಕೆ ಅನ್ಯಾಯ ಮಾಡಬಾರದಲ್ಲ. ಅಷ್ಟೇ. ಅಷ್ಟೇ ಎಂದುಕೊಂಡಳು... ಕಣ್ಣು ಮಾತ್ರ ಪರದೆಯನ್ನು ಮಸುಕು ಮಾಡಿತು.

*

ಎರಡನೆಯ ಗೇಟ್ ತೆರೆಯುವ ದಿನ ಬೆಳಿಗ್ಗೆಯಿಂದ ಅವಳು ಫೋನನ್ನು ಕೈಯಿಂದ ಇಳಿಸಲಿಲ್ಲ. ಇಂದು ವಾಗೀಶ್ ಮತ್ತೆ ಆ ಹೆಸರು ಬದಲಿಸಬೇಕು. ಹೊಸ ಆವೃತ್ತಿಯಲ್ಲಿ ಒಂದು ತಪ್ಪು ಉಳಿದಿದ್ದರೂ ಟ್ರ್ಯಾಕ್ಟರ್‌ಗಳು ಮತ್ತೆ ಆಲೂರು ರಸ್ತೆಗೆ...

ಹರಾಜಿನ ಹೊತ್ತು ಬಂತು. ದಾಟಿತು. ಯಾರೂ ಕೂಗುತ್ತ ಬರಲಿಲ್ಲ.

ಆಮೇಲೆ ಮೆಟ್ಟಿಲ ಸದ್ದಾಯಿತು. ಅದೇ ಹೆಜ್ಜೆ. ಆದರೆ ನಿಧಾನ, ಪ್ರತಿ ಮೆಟ್ಟಿಲಿಗೂ ಯೋಚಿಸಿದಂತೆ.

ಬಾಗಿಲಲ್ಲಿ ನಿಂತ. ಸೊರಗಿದ್ದ. ಗಡ್ಡ ಬಂದಿತ್ತು. ಅಂದಿನ ಹಾಗೆಯೇ ಎರಡೂ ಕೈಯಲ್ಲಿ ಲ್ಯಾಪ್‌ಟಾಪ್.

"ಗೇಟ್?" ಅವಳಿಗೆ ಅದೊಂದೇ ಮಾತು ಹೊರಟಿತು.

"ನಡೀತು ರೀ. ಹೆಸರು ಬದ್ಲಾತು. ಒಂದು ಟೋಕನ್ ಅಲುಗಲಿಲ್ಲ." ಲ್ಯಾಪ್‌ಟಾಪ್ ತೆರೆದ. "ಅದನ್ನ ಹೇಳಾಕ ಬಂದಿಲ್ಲ. ಒಂದು ಪ್ಲಾನ್ ಬರದೀನಿ. ಓದ್ತೀನಿ. ಪೂರ್ತಿ ಕೇಳ್ರಿ. ಆಮ್ಯಾಲೆ ಹೌದೋ ಅಲ್ಲೋ, ನಿಮ್ಮ ಬಾಯಾಗಿಂದ ಬಂದದ್ದು."

ಅವಳು ಕುರ್ಚಿ ಅವನ ಕಡೆ ತಿರುಗಿಸಿದಳು.

ಅವನು ಸಾಲಿನ ಕೆಳಗೆ ಬೆರಳಿಟ್ಟು, ಶಾಲೆಯ ಹುಡುಗನ ಹಾಗೆ ಓದಿದ.

"ಕಟ್ಟುವುದು: ಎರಡು. ಮೊದಲನೇದು, ಈ ಮನಿ ಬಾಗಲ ಮುಂದ ಒಂದು ಹಂದರ. ಈ ಸಲ ಖರೇ ಹಂದರ, ತೆಂಗಿನ ಗರೀದು. ಎರಡನೇದು, ಆದವಾನ್ಯಾಗ ಒಂದು ಮನಿ. ಮ್ಯಾಲೆ ನಿಮಗೊಂದು ಕ್ವಾಣಿ. ಕರೆಂಟ್ ಹೋದ್ರೂ ನಿಮ್ಮ ಕೆಲಸ ನಿಲ್ಲಬಾರದು, ಅಂಥಾದ್ದು.

"ಬದಲಿಸುವುದು: ಒಂದು. ವಾಗೀಶ. ಕಿವಿಗೊಡದ ಹೌದು ಅನ್ನೋ ಅವನ ಚಟ.

"ಕೆಡವುವುದು..." ದನಿ ಒಡೆಯಿತು. "ಸೊನ್ನೆ."

ಕೆಳಗೆ ಯಂತ್ರಗಳು ಗುಡುಗುತ್ತಿದ್ದವು. ಅರಳೆಯ ಒಂದು ಎಳೆ ಇಬ್ಬರ ನಡುವೆ ತೇಲುತ್ತಿತ್ತು.

"ಹೆಸರು?" ಭುವನಾ ಕೇಳಿದಳು.

"ಭುವನಾ ಮರಿಬಸಪ್ಪ. ಕಾರ್ಡಿನ್ಯಾಗೂ, ಮನಿಯಾಗೂ, ಹಂದರದ ಸಹಿಯಾಗೂ."

"ನಿಮ್ಮ ಅವ್ವಾರು?"

ಅವನು ಬಾಯಿ ತೆರೆಯುವುದರೊಳಗೆ ಮೆಟ್ಟಿಲ ಬುಡದಿಂದ ಉತ್ತರ ಬಂತು.

"ಇಲ್ಲೇ ಅದೀನಿ! ಮಂಡಿ ನೋವು, ಹತ್ತಾಕಾಗವಲ್ದು!" ಶೋಭಾರಾಣಿ. "ಹತ್ತು ದಿನ ನನ್ನ ಮುಂದ ಕುಂತು ಒಂದ ಮಾತು, 'ಅವ್ವಾ, ಆಕಿನ್ನ ಕೇಳಿದ್ಯಾ?' ಉಣ್ಣಂಗಿಲ್ಲ, ಉಡಂಗಿಲ್ಲ! ಕೇಳಾಕ ಬಂದೀನವ್ವಾ ಭುವನಾ! ಅನ್ನಪೂರ್ಣಾ ಅಂತ ನಮ್ಮ ಮನಿ ಆಕಳಕರಕ್ಕ ಇಟ್ಟಾತು. ಅದು ತಕರಾರು ಮಾಡಿಲ್ಲ!"

ಕೆಳಗೆ ಅವ್ವ ನಕ್ಕದ್ದು ಕೇಳಿಸಿತು. ಅಪ್ಪನ ಗಂಟಲು ಸರಿಮಾಡಿಕೊಳ್ಳುವ ಸದ್ದೂ.

ಭುವನಾ ನಗಲು ಹೋಗಿ ಅತ್ತುಬಿಟ್ಟಳು.

ವಾಗೀಶ್ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಅಲ್ಲೇ ನಿಂತ.

"ಹತ್ರ ಬರ್ಲಾ?"

"ಕೇಳೋದು ಕಲ್ತೀರಿ."

"ಉತ್ತರಾ ಹೇಳಲಿಲ್ಲ ನೀವು."

"ತಡೀರಿ. ಪ್ಲಾನ್ ಇನ್ನೊಮ್ಮೆ ಓದ್ರಿ."

ಅವನ ಮುಖ ಕಳೆಗುಂದಿತು. "ಯಾಕ್ರಿ? ತಪ್ಪೈತೇನು?"

"ತಪ್ಪಿಲ್ಲ." ಕಣ್ಣೊರೆಸಿಕೊಂಡಳು. "ಕಡೇ ಸಾಲು ಇನ್ನೊಮ್ಮೆ ಕೇಳಬೇಕು."

ಅವನು ಪರದೆ ನೋಡಲಿಲ್ಲ. ಅವಳನ್ನೇ ನೋಡುತ್ತ ಹೇಳಿದ.

"ಕೆಡವುವುದು: ಸೊನ್ನೆ."

ಭುವನಾ ಅವನ ಕೂದಲಲ್ಲಿ ಕೂತಿದ್ದ ಅರಳೆಯ ಎಳೆಯನ್ನು ಬೆರಳ ತುದಿಯಿಂದ ಬಿಡಿಸಿ ತೆಗೆದಳು.

"ಹೌದು," ಎಂದಳು.